ನಾರ್ವೆ ಶರಣಿಯ ಪುರಾಣ

ಶ್ರಾವಣ ಬಂತೆಂದರೆ ಸಿಂದಗಿಯ ನಮ್ಮ ಮನೆಯಲ್ಲಿ ಎಮ್ಮೆಗೂ ಜಾಗ ಸಿಗುತ್ತಿರಲಿಲ್ಲ. ತಲಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಅದಕ್ಕಿಂತ ಮೊಳಕಾಲೆತ್ತರಕ್ಕೆ ಪಡಸಾಲೆ, ಅದರಾಚೆ ಮಾಳಿಗೆಯ ಬೆಳಕಿಂಡಿಯಿಂದ ಇಷ್ಟಿಷ್ಟೇ ಬೆಳಕು ಬೀಳುವ ಅಡುಗೆಮನೆ ಮತ್ತು ದೇವರಕೋಣೆ. ಮನೆಯೆಂದರೆ ಇಷ್ಟೇ. ಆ ತಿಂಗಳು ಪೂರ್ತಿ ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯಲ್ಲಿ ಪುರಾಣ ನಡೆಯುತ್ತಿತ್ತು, ಓಣಿಯ ಹೆಂಗಸರೆಲ್ಲ ಬಂದು ಕೂರುತ್ತಿದ್ದರು. ಪಡಸಾಲೆ ತುಂಬಿದ ಮೇಲೆ ಬಂದವರಿಗಾಗಿ ಎಮ್ಮೆಯನ್ನು ಹೊರಗೆ ಬೇವಿನ ಮರಕ್ಕೆ ಕಟ್ಟಿ, ಮೇವು ಹಾಕುವ ಗೋದಲಿಯ ಪಕ್ಕದಲ್ಲಿ ಚಾಪೆ ಹಾಸುತ್ತಿದ್ದೆವು. ಎಮ್ಮೆಗೆ ಪುರಾಣದ ಮೇಲೆ ಬಹಳ ಸಿಟ್ಟಿತ್ತು. ಶ್ರಾವಣ ಮುಗಿಯುವವರೆಗೂ ಹಾಲು ಕಡಿಮೆ ಕೊಟ್ಟು ಸೇಡು ತೀರಿಸಿಕೊಳ್ಳುತ್ತಿತ್ತು.

ಈ ಪುರಾಣದ ಒಡತಿ ಆಯಿ, ಅಂದರೆ ಅಪ್ಪನ ತಾಯಿ. ತನ್ನ ಅತ್ತೆಯ ಕಾಲದಿಂದ ಒಂದು ಶ್ರಾವಣವೂ ತಪ್ಪದೆ ನಡೆದು ಬಂದದ್ದು ತನ್ನ ಕೈಯಲ್ಲಿ ತಪ್ಪಬಾರದು ಎಂಬುದು ಆಕೆಯ ಹಟ. ಓದುಬರಹ ಬಾರದ ಆಯಿಗೆ ಪುರಾಣದ ಕಾನೂನು ಮಾತ್ರ ಬಾಯಿಪಾಠವಾಗಿತ್ತು. ಪುಸ್ತಕಕ್ಕೆ ಪೂಜೆಯಾದ ಮೇಲೆ ನಡುವೆ ನಿಲ್ಲಿಸುವಂತಿಲ್ಲ. ಒಬ್ಬರು ಮೂಲವನ್ನು ರಾಗವಾಗಿ ಹಾಡಬೇಕು, ಇನ್ನೊಬ್ಬರು ಅರ್ಥ ಹೇಳಬೇಕು, ಮತ್ತೊಬ್ಬರು ‘ಹೂಂ’ ಅನ್ನಬೇಕು. ಕಥೆಯಲ್ಲಿ ಶರಣರು ಹುಟ್ಟಿದ ದಿನ ತೊಟ್ಟಿಲು ಕಟ್ಟಿ ಗುಗ್ಗರಿ ಹಂಚಬೇಕು. ಕಥೆಯಲ್ಲಿ ಮದುವೆಯಾಗುವ ದಿನ ಬಂಧುಬಳಗವನ್ನು ಕರೆದು, ಹೋಳಿಗೆ ಮಾಡಿ, ಕೇಳಲು ಕೂತವರೆಲ್ಲ ಅಕ್ಕಿಕಾಳು ಹಾಕಬೇಕು. ಹಾಡುವ ಕೆಲಸ ಅಪ್ಪನದು. ಅರ್ಥ ಹೇಳುವುದು ತಾಳಿಕೋಟೆಯಿಂದ ಬಂದು ತಿಂಗಳು ನಮ್ಮಲ್ಲೇ ಇರುತ್ತಿದ್ದ ಪುರಾಣಿಕರದು. ‘ಹೂಂ’ ಅನ್ನುವುದು ನನ್ನದು. ಕನ್ನಡ ಸಾಲೆಯ ನಾಲ್ಕನೆಯ ಇಯತ್ತೆಯಲ್ಲಿದ್ದ ಹುಡುಗಿಗೆ ಅದು ಸಣ್ಣ ಹುದ್ದೆಯಾಗಿರಲಿಲ್ಲ. ‘ಹೂಂ’ ಬೀಳದಿದ್ದರೆ ಕಥೆ ಮುಂದೆ ಹೋಗುವಂತಿರಲಿಲ್ಲ.

ಎಪ್ಪತ್ತರ ದಶಕದ ಆ ಒಂದು ಶ್ರಾವಣದಲ್ಲಿ ಪುರಾಣಿಕರು ಬರಲಿಲ್ಲ. ಇಂಡಿಯಲ್ಲಿ ಮಗಳ ಮನೆಯ ಬಚ್ಚಲಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಿದ್ದಾರೆ, ಪುರಾಣದ ಪುಸ್ತಕವೂ ಅವರ ಚೀಲದಲ್ಲೇ ಇದೆ ಎಂದು ಬಸ್ಸಿನ ಕಂಡಕ್ಟರ್ ಬಂದು ಹೇಳಿಹೋದ. ಅಷ್ಟು ಹೊತ್ತಿಗೆ ಮೊದಲ ದಿನದ ಹೆಂಗಸರು ಬಂದು ಕೂತಾಗಿತ್ತು, ಎಮ್ಮೆ ಹೊರಬಿದ್ದಾಗಿತ್ತು. ಆಯಿ ತಲೆಯ ಮೇಲೆ ಕೈಹೊತ್ತು ಕೂತಳು. ಆಗ ದೇವರಕೋಣೆಯ ಬಾಗಿಲಲ್ಲಿ ನಿಂತಿದ್ದ ನೀಲಾ ಅತ್ತೆ ಒಳಗೆ ಹೋಗಿ, ತನ್ನ ಟ್ರಂಕು ತೆಗೆದು, ರಟ್ಟು ಹರಿದ ದಪ್ಪ ಪುಸ್ತಕವೊಂದನ್ನು ಹಿಡಿದುಕೊಂಡು ಬಂದಳು.

ನೀಲಾ ಅತ್ತೆ ಅಪ್ಪನ ತಂಗಿ. ವಿಜಾಪುರದಲ್ಲಿ ಬಿ.ಎ. ಮುಗಿಸಿ ಊರಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದಳು. ಶ್ರಾವಣ ಮುಗಿದ ಕೂಡಲೇ ಆಕೆಯ ಮದುವೆ ನಿಶ್ಚಯದ ಎಲೆಅಡಿಕೆ ಆಗುವುದಿತ್ತು. ವರ ಮುದ್ದೇಬಿಹಾಳದ ಸಂಗಣ್ಣ, ಎಣ್ಣೆ ಗಿರಣಿಯವ, ಹೆಂಡತಿ ತೀರಿಕೊಂಡವ. ಮನೆತನ ಚಲೋ, ಗಿರಣಿ ಚಲೋ, ಹುಡುಗಿಯ ವಯಸ್ಸೂ ಮೀರುತ್ತಿದೆ ಎಂದು ಆಯಿ, ಅಪ್ಪ, ಸಂಗಣ್ಣನ ತಾಯಿ ಗೌರಮ್ಮ ಸೇರಿ ಮಾತು ಮುಗಿಸಿದ್ದರು. ಮದುವೆಯಾದ ಮೇಲೆ ನೌಕರಿ ಬಿಡಬೇಕು ಎಂಬುದೂ ಆ ಮಾತಿನಲ್ಲೇ ಸೇರಿತ್ತು. ಇದನ್ನೆಲ್ಲ ಅತ್ತೆಗೆ ತಿಳಿಸಿದ್ದು ಆಕೆ ಸಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದಾಗ. ಆಕೆ ಬಹಳ ಹೊತ್ತು ಕಾಲು ತೊಳೆದಳು.

“ಅವ್ವಾ, ಇದನ್ನ ಹಚ್ಚೋಣೇನು?” ಎಂದು ಅತ್ತೆ ಪುಸ್ತಕ ಮುಂದೆ ಹಿಡಿದಳು.

“ಯಾ ಪುರಾಣ ಅದು?”

“ನಾರ್ವೆ ದೇಶದ್ದು. ಅಲ್ಲಿ ಒಬ್ಬಾಕಿ ದೊಡ್ಡಾಕಿ ಬರದಾಳ.”

“ಹೆಣ್ಮಗಳು ಬರದದ್ದಾ? ಶರಣಿ ಏನು?”

ಅತ್ತೆ ತುಸು ವಿಚಾರ ಮಾಡಿದಳು. “ಖರೇ ಹೇಳಿ ಮಂದಿ ಕಡಿಂದ ಬೈಸಿಕೊಂಡಾಳವ್ವ.”

“ಹಂಗಾರ ಶರಣೀನೇ. ತಾ ಇಲ್ಲೆ.”

ಹಾಗೆ ನಾರ್ವೆಯ ಕಾದಂಬರಿಯೊಂದು ವಿಭೂತಿ ಬಳಿಸಿಕೊಂಡು, ತಲೆಯ ಮೇಲೆ ಕಣಗಿಲೆ ಹೂವಿಟ್ಟುಕೊಂಡು ನಮ್ಮ ವ್ಯಾಸಪೀಠವನ್ನು ಏರಿತು. ವಿಜಾಪುರದ ರದ್ದಿ ಅಂಗಡಿಯಲ್ಲಿ ಅತ್ತೆ ಅದನ್ನು ಕೊಂಡಾಗ ಅದಕ್ಕಾಗಲಿ ಆಕೆಗಾಗಲಿ ಇಂಥ ದಿನ ಬರುತ್ತದೆಂದು ಗೊತ್ತಿರಲಿಕ್ಕಿಲ್ಲ. ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ. ಅತ್ತೆ ನೇರವಾಗಿ ಕನ್ನಡದಲ್ಲಿ ಕಥೆ ಶುರು ಮಾಡಹೋದಳು, ಆಯಿ ತಡೆದಳು. ಮೂಲ ಹಾಡದೆ ಅರ್ಥ ಹೇಳಿದರೆ ಅದು ಪುರಾಣ ಹೇಗಾದೀತು? ಆದ್ದರಿಂದ ಅಪ್ಪ ಹಾಡಬೇಕಾಯಿತು. ಅಪ್ಪ ಕೋರ್ಟಿನ ಮುಂದೆ ಹುಣಸೆ ಮರದ ಅಡಿ ಕೂತು ಜನರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದ. ಇಂಗ್ಲಿಷ್ ಓದುವುದು, ಬರೆಯುವುದು ಎರಡೂ ಚೆನ್ನಾಗಿ ಬರುತ್ತಿದ್ದವು. ತಿಳಿದುಕೊಳ್ಳುವುದು ವಕೀಲರ ಕೆಲಸ ಎಂದು ನಂಬಿದ್ದ.

ಅಪ್ಪ ಗಂಟಲು ಸರಿಮಾಡಿಕೊಂಡು ಆ ಕಾದಂಬರಿಯ ಮೊದಲ ವಾಕ್ಯವನ್ನು ಭಾಮಿನಿ ಷಟ್ಪದಿಯ ಧಾಟಿಗೆ ಕೂಡಿಸಿಯೇಬಿಟ್ಟ. ವಾಕ್ಯ ಉದ್ದವಿದ್ದರೆ ಓಡುತ್ತಿದ್ದ, ಗಿಡ್ಡವಿದ್ದರೆ ಕೊನೆಯ ಶಬ್ದವನ್ನು ಆಲಾಪ ಮಾಡಿ ಎಳೆಯುತ್ತಿದ್ದ, ಪೂರ್ಣವಿರಾಮ ಬಂದಲ್ಲಿ ‘ಹರಹರಾ’ ಎಂದು ಸೇರಿಸುತ್ತಿದ್ದ. ಹೆಂಗಸರು ಕಣ್ಣುಮುಚ್ಚಿ ತಲೆದೂಗಿದರು. ಹಿಂದಿನ ವರ್ಷದ ಪುರಾಣದ ಹಳೆಯ ಕನ್ನಡವೂ ಅವರಿಗೆ ಇಷ್ಟೇ ತಿಳಿಯುತ್ತಿತ್ತು. ಆಮೇಲೆ ಅತ್ತೆ ಅರ್ಥ ಹೇಳುತ್ತಿದ್ದಳು, ನಾನು ‘ಹೂಂ’ ಅನ್ನುತ್ತಿದ್ದೆ. ಮುಂದೆ ನಾನು ಹೊಟ್ಟೆಪಾಡಿಗೆ ಅನುವಾದದ ಕೆಲಸ ಹಿಡಿದೆ. ಎಷ್ಟೋ ದೊಡ್ಡ ಸಭೆಗಳಲ್ಲಿ ಅನುವಾದ ಎಂದರೇನು ಎಂಬ ಚರ್ಚೆ ಕೇಳಿದೆ. ನಮ್ಮ ಪಡಸಾಲೆಯಲ್ಲಿ ನಡೆದಷ್ಟು ಖಡಕ್ ಅನುವಾದವನ್ನು ಎಲ್ಲೂ ಕಾಣಲಿಲ್ಲ. ಅಲ್ಲಿ ಕೇಳುವವರು ಒಪ್ಪದಿದ್ದರೆ ತಿರುಗಿ ಬಿದ್ದು ಕೇಳುತ್ತಿದ್ದರು.

ಮೊದಲ ತಕರಾರು ಎದ್ದದ್ದು ತೊಟ್ಟಿಲಿನ ಬಗ್ಗೆ. ಕಥೆಯ ಹುಡುಗಿ ಮಾರ್ತಾ ಮೊದಲ ಪುಟದಲ್ಲೇ ಮದುವೆ ವಯಸ್ಸಿನವಳು. ಹುಟ್ಟದೆಯೇ ದೊಡ್ಡವಳಾದ ಹುಡುಗಿಯನ್ನು ಆಯಿ ಒಪ್ಪಲಿಲ್ಲ. ಅತ್ತೆ ಮುನ್ನುಡಿ ತಿರುವಿಹಾಕಿ, ಬರೆದವಳು ಹುಟ್ಟಿದ್ದಾದರೂ ಇದೆ ಎಂದಳು. ಸರಿ, ಬರೆದವಳಿಗೇ ತೊಟ್ಟಿಲು ಕಟ್ಟಿದೆವು. ಪದ್ಧತಿಯಂತೆ ಗುಂಡುಕಲ್ಲಿಗೆ ಕೂಸಿನ ಕುಂಚಿಗೆ ಕಟ್ಟಿ ತೊಟ್ಟಿಲಲ್ಲಿ ಮಲಗಿಸಿ, ಜೋಗುಳ ಹಾಡಿ, ಗುಗ್ಗರಿ ಹಂಚಿದೆವು. ಹೆಸರು ಕರೆಯುವಾಗ ಆಕೆಯ ನಿಜವಾದ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಎಲ್ಲರೂ ಸೇರಿ ‘ನಾರ್ವೆ ಶರಣಿ’ ಎಂದೇ ಕರೆದರು. ತೊಟ್ಟಿಲು ತೂಗುತ್ತ ಅತ್ತೆ ಆಕೆಯ ಬಾಳನ್ನು ಹೇಳಿದಳು: ಪಾದ್ರಿಯ ಮಗಳು, ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು, ಮಕ್ಕಳನ್ನು ಕಟ್ಟಿಕೊಂಡು ಒದ್ದಾಡಿದವಳು, ಪುಸ್ತಕದ ಮೇಲೆ ತನ್ನ ಹೆಸರನ್ನೂ ಹಾಕದೆ ಬರೆದವಳು. ಮದುವೆಯ ಮಾತಿನಲ್ಲಿ ಹೆಣ್ಣಿನ ಮನಸ್ಸನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಇಡೀ ದೇಶದ ಜೊತೆ ಜಗಳ ತೆಗೆದವಳು.

“ಗಂಡ ಸತ್ತ ಮ್ಯಾಲೆ ಬರದಾಳಾ?” ಎಂದಳು ಆಯಿ. ತಾನೂ ಬೇಗ ಗಂಡನನ್ನು ಕಳೆದುಕೊಂಡವಳು. “ಹೌದು ಬಿಡು. ಅದಕ್ಕೂ ಮೊದಲ ವ್ಯಾಳ್ಯಾ ಎಲ್ಲಿ ಸಿಗತೈತಿ?”

ಅಲ್ಲಿಂದ ಮುಂದೆ ನಾರ್ವೆ ಶರಣಿ ನಮ್ಮ ಮನೆಯವಳೇ ಆಗಿಬಿಟ್ಟಳು. ಆ ದೇಶದಲ್ಲಿ ಬೇಸಿಗೆಗೆ ಸೂರ್ಯ ಮುಳುಗುವುದೇ ಇಲ್ಲ ಎಂದು ಅತ್ತೆ ಹೇಳಿದ ದಿನ ಹೆಂಗಸರೆಲ್ಲ ಆ ನಾಡಿನ ಹೆಂಗಸರಿಗಾಗಿ ಮರುಗಿದರು. ಎದುರು ಮನೆಯ ಹುಸೇನಬಿ ಪ್ರತಿ ಶ್ರಾವಣವೂ ತಪ್ಪದೆ ಬಂದು ಕಂಬಕ್ಕೆ ಒರಗಿ ಕೂರುವವಳು. ಆಕೆಗಂತೂ ತಡೆಯಲಾಗಲಿಲ್ಲ.

“ಹೊತ್ತು ಮುಳಗಾಂಗಿಲ್ಲಂದ್ರ ಹೆಣ್ಮಕ್ಕಳ ಕೆಲಸ ಮುಗಿಯೂದು ಯಾವಾಗರೀ?”

ಕಥೆ ನಡುವಿಗೆ ಬಂದಾಗ ಮಾರ್ತಾಳ ತಾಯಿ ಆಕೆಗೊಂದು ವರ ಗೊತ್ತುಮಾಡಿದಳು. ಕಟ್ಟಿಗೆಯ ದೊಡ್ಡ ವ್ಯಾಪಾರಿ, ಹೆಂಡತಿ ತೀರಿಕೊಂಡವನು. ಮನೆತನ ಚಲೋ, ವ್ಯಾಪಾರ ಚಲೋ, ಮಾರ್ತಾಳನ್ನು ಮಾತ್ರ ಯಾರೂ ಕೇಳಲಿಲ್ಲ. ಆಯಿ ಆ ತಾಯಿಯ ಮೇಲೆ ಹರಿಹಾಯ್ದಳು. “ತಾಯಲ್ಲ ಅಕಿ, ಮೂಳಿ! ಅಕಿ ನಾಲಿಗಿ ಸೇದಿ ಹೋಗಲಿ!” ಎಂದು ದಿನವೂ ಹೊಸ ಬೈಗುಳ ಹುಡುಕಿ ತರುತ್ತಿದ್ದಳು. ಅರ್ಥ ಹೇಳುತ್ತಿದ್ದ ಅತ್ತೆ ತಲೆ ತಗ್ಗಿಸಿ, ಬೈಗುಳ ಮುಗಿಯುವ ತನಕ ಕಾದು, ಮುಂದಕ್ಕೆ ಹೇಳುತ್ತಿದ್ದಳು. ಮಗಳಿಗೂ ಮಾರ್ತಾಳಿಗೂ ಏನಾದರೂ ಸಂಬಂಧವಿದೆ ಎಂದು ಆಯಿಗೆ ಒಂದು ಕ್ಷಣವೂ ಹೊಳೆಯಲಿಲ್ಲ. ಪುರಾಣ ಎಂದರೆ ದೇವರ ಮಾತು, ಮದುವೆ ಎಂದರೆ ಮನೆತನದ ಮಾತು, ಎರಡನ್ನೂ ಬೆರೆಸುವ ಅಭ್ಯಾಸ ಆಕೆಗಿರಲಿಲ್ಲ.

ಹೊಳೆದದ್ದು ಅಪ್ಪನಿಗೆ. ಒಂದು ಸಂಜೆ ಅಪ್ಪ ಹಾಡುತ್ತ ಹಾಡುತ್ತ ರಾಗ ತಪ್ಪಿದ. ಹಿಂದಿನ ಪುಟಕ್ಕೆ ಹೋಗಿ, ಪುಸ್ತಕವನ್ನು ದೀಪದ ಹತ್ತಿರ ಹಿಡಿದು, ಬಹುಶಃ ಜೀವನದಲ್ಲಿ ಮೊದಲ ಸಲ ಇಂಗ್ಲಿಷನ್ನು ಅರ್ಥಕ್ಕಾಗಿ ಓದಿದ. ತಂಗಿ ತನ್ನ ಕಡೆಯಿಂದ ಉಪ್ಪುಕಾರ ಸೇರಿಸುತ್ತಿದ್ದಾಳೆ ಎಂಬ ಗುಮಾನಿ ಆತನಿಗೆ. ಸೇರಿಸಿರಲಿಲ್ಲ. ಕಟ್ಟಿಗೆಯ ವ್ಯಾಪಾರಿ, ತೀರಿಕೊಂಡ ಹೆಂಡತಿ, ಕೇಳದ ತಾಯಿ ಎಲ್ಲ ಅಲ್ಲೇ ಅಚ್ಚಾಗಿ ಕೂತಿತ್ತು. ಅಷ್ಟೇ ಅಲ್ಲ, ತಂಗಿಯ ಹಿತ ತನಗೇ ಗೊತ್ತು ಅನ್ನುವ ಅಣ್ಣನೊಬ್ಬನೂ ಆ ಪುಟದಲ್ಲಿದ್ದ. ಅವನ ಮಾತನ್ನು ಅಪ್ಪ ಆಗತಾನೆ ಬಹಳ ಇಂಪಾಗಿ ಹಾಡಿ ಮುಗಿಸಿದ್ದ.

ಎಲ್ಲರೂ ಹೋದ ಮೇಲೆ ಅಪ್ಪ ಆಯಿಯ ಹತ್ತಿರ ಬಂದ.

“ಯವ್ವಾ, ಈ ಪುರಾಣ ಸಾಕು. ನಾಳಿಂದ ಬರೇ ಭಜನಿ ಮಾಡೋಣು.”

“ಪೂಜಿ ಆದ ಪುರಾಣ ನಡಕ ನಿಲ್ಲಸತಾರೇನೋ? ಮನಿಗೆ ಚಲೋ ಅಲ್ಲ. ಮತ್ತ ನಾಡದು ಮಾರ್ತಾನ ಮದವಿ. ಮುದ್ದೇಬಿಹಾಳದ ಬೀಗರಿಗೂ ಹೇಳಿ ಕಳಿಸೇನಿ. ಗೌರಮ್ಮ ಬರತಾಳ, ಸಂಗಣ್ಣನೂ ಬರತಾನ.”

ಅಪ್ಪ ಹೊರಗೆ ಹೋಗಿ ಎಮ್ಮೆಯ ಪಕ್ಕದಲ್ಲಿ ನಿಂತ. ಆ ತಿಂಗಳು ಪುರಾಣ ಬೇಡವಾದ ಜೀವಗಳು ನಮ್ಮ ಮನೆಯಲ್ಲಿ ಆ ಎರಡೇ.

ಮದುವೆಯ ದಿನ ಪುರಾಣ ಮಧ್ಯಾಹ್ನಕ್ಕೇ ಶುರುವಾಯಿತು. ಅಡುಗೆಮನೆಯಲ್ಲಿ ನನ್ನ ಅವ್ವ ಬೆಳಗಿನಿಂದ ಹೋಳಿಗೆ ಬೇಯಿಸುತ್ತಿದ್ದಳು. ಗೌರಮ್ಮ ಬಂದು ಎಲ್ಲರಿಗಿಂತ ಮುಂದೆ ಕೂತಳು. ಮುದ್ದೇಬಿಹಾಳದಲ್ಲಿ ಗಿರಣಿಯ ಯಂತ್ರಕ್ಕಿಂತ ಆಕೆಯ ದನಿಯೇ ದೊಡ್ಡದು ಎಂದು ಹೆಸರಾಗಿತ್ತು, ಆಯಿ ಹೆದರುತ್ತಿದ್ದ ಒಂದೇ ಒಂದು ಮನುಷ್ಯಜೀವ ಅದು. ಸಂಗಣ್ಣ ಭಾರಿ ಆಳು. ಪಡಸಾಲೆಯಲ್ಲಿ ಹೆಂಗಸರು ತುಂಬಿದ್ದರಿಂದ ಗೋದಲಿಯ ಪಕ್ಕದ ಚಾಪೆಯ ಮೇಲೆ ಬಿಳಿಯ ಅಂಗಿ ಕೊಳೆಯಾಗದಂತೆ ಮುದುರಿಕೊಂಡು ಕೂತಿದ್ದ. ಎಲ್ಲರ ಕೈಯಲ್ಲಿ ಅರಿಸಿನದ ಅಕ್ಕಿಕಾಳು. ಅಪ್ಪ ಮದುವೆಯ ಪುಟವನ್ನು ಹಾಡಿದ ರೀತಿಯನ್ನು ಹಾಡು ಅನ್ನಲಾಗದು, ಯಾರೋ ಸತ್ತ ಸುದ್ದಿಯನ್ನು ಓದಿದಂತಿತ್ತು. ‘ಹರಹರಾ’ ಮಾತ್ರ ಮನಸ್ಸಿನಿಂದ ಬಂತು.

ಅತ್ತೆ ಅರ್ಥ ಹೇಳಿದಳು.

“ಮಾರ್ತಾನ ಕರಕೊಂಡು ಬಂದ್ರು. ಮಂದಿ ಎಲ್ಲಾ ಬಂದು ಕುಂತಿದ್ರು. ‘ಇವನನ್ನ ಮಾಡಿಕೊಳ್ಳಾಕ ನಿನಗ ಒಪ್ಪಿಗಿ ಐತೇನು’ ಅಂತ ಪಾದ್ರಿ ಕೇಳಿದ. ಅಷ್ಟು ಮಂದಿ ಮುಂದ ಇನ್ನೇನ ಅಂದಾಳು? ಹೂಂ ಅಂದ್ಲು.”

ಇಷ್ಟು ಹೇಳಿ ಅತ್ತೆ ನನ್ನ ಕಡೆ ನೋಡಿದಳು. ಈಗ ನಾನು ‘ಹೂಂ’ ಅನ್ನಬೇಕು, ಅಂದ ಕೂಡಲೇ ಅಕ್ಕಿಕಾಳು ಬೀಳಬೇಕು. ನನಗೆ ಅನ್ನಲಾಗಲಿಲ್ಲ. ಅತ್ತೆಯ ಮುಖದಲ್ಲಿ ಬಣ್ಣವೇ ಇರಲಿಲ್ಲ. ಆಕೆ ಮದುವೆಯಾಗಿ ನಮ್ಮ ಮನೆ ಬಿಟ್ಟು ಹೋಗುತ್ತಾಳೆ ಎಂಬುದು ನನಗೆ ಆ ಕ್ಷಣಕ್ಕೆ ನಿಜವಾಗಿ ತಿಳಿಯಿತು. ಪಡಸಾಲೆಯೆಲ್ಲ ನನ್ನ ಬಾಯನ್ನೇ ನೋಡುತ್ತಿತ್ತು.

“ಅನ್ನಬ್ಯಾಡ ನೀ!” ಎಂದಳು ಆಯಿ, ಮುಷ್ಟಿ ಬಿಗಿಹಿಡಿದು. “ಮನಸ್ಸಿಲ್ಲದ ಮದವಿಗೆ ನಾ ಅಕ್ಕಿಕಾಳು ಹಾಕಂಗಿಲ್ಲ. ಮಂದಿ ಬಂದು ಕುಂತ ಮ್ಯಾಲೆ ಕೇಳಿದ್ರ ಅದೇನು ಕೇಳಿದಂಗ ಆತು? ಅಕಿ ತಾಯಿ ಮೊದಲ ಕೇಳಬೇಕಾಗಿತ್ತು.”

“ನಮ್ಮಾಗೂ ನಿಕಾದಾಗ ಹುಡುಗೀನ ಕೇಳತಾರ್ರಿ, ಕಬೂಲ್ ಏನು ಅಂತ” ಎಂದಳು ಹುಸೇನಬಿ. “ಒಲ್ಲೆ ಅಂದ ಹುಡುಗೀನ ನಾ ಇನ್ನಾ ನೋಡಿಲ್ಲ ಖರೆ. ಆದ್ರ ಕೇಳತಾರ.”

ಯಾರೂ ಅಕ್ಕಿಕಾಳು ಹಾಕಲಿಲ್ಲ. ಮೊದಲು ಗೋದಲಿಯ ಕಡೆಯವರು, ಆಮೇಲೆ ಪಡಸಾಲೆಯವರು, ಒಬ್ಬೊಬ್ಬರಾಗಿ ಮುಷ್ಟಿಯನ್ನು ಮಡಿಲಿಗೆ ಇಳಿಸಿದರು. ಆಗ ಗೌರಮ್ಮ ಕೂತಲ್ಲೇ ಹೊರಳಿ ಅತ್ತೆಯ ಕಡೆ ಮುಖ ಮಾಡಿದಳು.

“ಯವ್ವಾ ಮಾಸ್ತರಬಾಯಿ, ನಿನ್ನ ಕೇಳ್ಯಾರೇನು?”

“ನನ್ನ? ಏನಂತರೀ?”

“ನನ್ನ ಮಗನ್ನ ಮಾಡಿಕೊಳ್ಳಾಕ ಮನಸ್ಸೈತೇನಂತ.”

ಅತ್ತೆ ಪುಸ್ತಕವನ್ನು ಬೆರಳಿಟ್ಟು ಮುಚ್ಚಿದಳು. “ಇಲ್ರಿ. ಯಾರೂ ಕೇಳಿಲ್ಲ.”

ಆಯಿ ಗೌರಮ್ಮನನ್ನು ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ. ಮಾರ್ತಾಳ ತಾಯಿಗೆ ತಾನು ಇಷ್ಟು ದಿನ ಕೊಟ್ಟ ಬೈಗುಳಗಳೆಲ್ಲ ಆಕೆಗೆ ಆಗ ನೆನಪಾಗಿರಬೇಕು. ಮುಷ್ಟಿಯಿಂದ ಸೋರಿ ನೆಲದ ಮೇಲೆ ಬಿದ್ದ ಒಂದೊಂದೇ ಅಕ್ಕಿಕಾಳನ್ನು ಆರಿಸತೊಡಗಿದಳು.

“ಈಗ ನಾ ಕೇಳಾಕತ್ತೇನಿ” ಎಂದಳು ಗೌರಮ್ಮ. “ಅಂಜಬ್ಯಾಡ, ಹೇಳು.”

“ಸಾಲಿ ಬಿಡಾಕ ನನಗ ಮನಸ್ಸಿಲ್ರಿ. ಈ ಮದವಿಗೂ ಮನಸ್ಸಿಲ್ಲ. ನಿಮ್ಮ ಮಗನ ಮ್ಯಾಲೆ ನನಗೇನೂ ಸಿಟ್ಟಿಲ್ರಿ.”

ಗೌರಮ್ಮನ ದನಿ ಏಳುತ್ತದೆ, ಮಾಳಿಗೆ ಹಾರುತ್ತದೆ ಎಂದು ನಾವೆಲ್ಲ ಉಸಿರು ಹಿಡಿದೆವು. ಎದ್ದದ್ದು ಗೋದಲಿಯ ಪಕ್ಕದಿಂದ ಒಂದು ಕೆಮ್ಮು.

“ಯವ್ವಾ, ನನ್ನನ್ನೂ ನೀ ಕೇಳಿಲ್ಲ” ಎಂದ ಸಂಗಣ್ಣ.

“ನಿನಗೇನ ಧಾಡಿ? ಗಂಡಸು!”

“ಅಕಿ ಹೋಗಿ ಇನ್ನಾ ವರ್ಷ ಆಗಿಲ್ಲ. ಗಿರಣಿಯಿಂದ ಬಂದ ಕೂಡಲೆ ಈಗೂ ಅಕಿ ಹೆಸರು ಹಿಡದು ಕರೀತೇನಿ. ನನಗೂ ಮದವಿ ಬ್ಯಾಡಬೇ.”

ಅಷ್ಟು ದೊಡ್ಡ ಆಳು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಅತ್ತೆ ಆಗ ಮೊದಲ ಸಲ ಆತನನ್ನು ತಲೆಯೆತ್ತಿ ನೋಡಿದಳು. ನಮ್ಮ ಮನೆಯಲ್ಲಿ ಒಂದು ಗಂಡುಹೆಣ್ಣು ಅಷ್ಟು ಮನಸಾರೆ ಒಮ್ಮತಕ್ಕೆ ಬಂದದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಗೌರಮ್ಮ ಇಬ್ಬರನ್ನೂ ನೋಡಿದಳು, ಅಪ್ಪನನ್ನು ನೋಡಿದಳು, ನಿಟ್ಟುಸಿರುಬಿಟ್ಟಳು. “ಹೋಳಿಗಿ ಆರತಾವ, ಎಲಿ ಹಾಕ್ರಿ” ಎಂದಳು. ಎಲ್ಲರೂ ಉಂಡೆವು. ಮುರಿದುಬಿದ್ದ ಮದುವೆಗೆ ಅಷ್ಟು ಚಂದದ ಊಟ ಸುತ್ತಮುತ್ತ ಎಲ್ಲೂ ಆಗಿರಲಿಕ್ಕಿಲ್ಲ. ಸಂಗಣ್ಣ ತುಪ್ಪವನ್ನು ಕೇಳಿ ಕೇಳಿ ಹಾಕಿಸಿಕೊಂಡ.

ಬೀಗರಾಗದ ಬೀಗರು ಬಸ್ಸು ಹತ್ತಿದ ಮೇಲೆ ಮನೆ ತಣ್ಣಗಾಯಿತು. ಇನ್ನೂ ಹೊತ್ತು ಮುಳುಗಿರಲಿಲ್ಲ. ಆಯಿ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ನಾನು ಆಕೆಯ ಪಕ್ಕದಲ್ಲಿ ಕೂತಿದ್ದೆ. ಅತ್ತೆ ಪಾತ್ರೆ ಎತ್ತಿಡಲು ಒಳಗೆ ಬಂದಳು.

“ಎಲ್ಲಾರ ಮುಂದ ನನ್ನ ಮಾರಿಗೆ ಮಸಿ ಬಳದಿ” ಎಂದಳು ಆಯಿ. “ಒಂದು ಮಾತು ಮೊದಲ ನನ್ನ ಮುಂದ ಹೇಳಬಾರದಾಗಿತ್ತಾ?”

“ಕೇಳಿದ್ರ ಹೇಳತಿದ್ದೆ ಅವ್ವಾ.”

ಆಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಕೇಳೂದು ನನಗ ಬರಂಗಿಲ್ಲವಾ. ನನ್ನ ಯಾರೂ ಯಾವತ್ತೂ ಏನೂ ಕೇಳಿಲ್ಲ. ಎಲ್ಲಿಂದ ಕಲೀಲಿ?”

ನನಗೆ ಅಳು ಬಂತು. ಅತ್ತೆಗೂ ಬಂದಿರಬೇಕು, ಪಾತ್ರೆಯನ್ನು ಅಲ್ಲೇ ಬಿಟ್ಟು ಆಯಿಯ ಎದುರು ಕುಕ್ಕರಗಾಲಲ್ಲಿ ಕೂತಳು.

“ಹಂಗಾರ ನಾ ಕೇಳತೇನಿ. ನಿನಗೇನು ಬೇಕವ್ವ?”

“ನನಗೇನು ಬೇಕು? ಎಲ್ಲಾ ಐತಿ.”

“ಹಂಗಲ್ಲ. ವಿಚಾರ ಮಾಡಿ ಹೇಳು.”

ಆಯಿ ವಿಚಾರ ಮಾಡಿದಳು. ಒಲೆಯ ಕಡೆ ನೋಡಿದಳು. ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ರೊಟ್ಟಿ ಬಡಿಯುವುದು ಆಕೆಯ ಕೆಲಸ, ಯಾರಿಗೂ ಅದನ್ನು ಬಿಟ್ಟುಕೊಟ್ಟವಳಲ್ಲ. ಅದು ಆಕೆಗೆ ಇಷ್ಟ ಎಂದೇ ನಾವೆಲ್ಲ ತಿಳಿದಿದ್ದೆವು.

“ನಾಳಿ ಒಂದಿನ ರೊಟ್ಟಿ ಬಡಿಯೂದು ಒಲ್ಲೆ” ಎಂದಳು.

ತಿಂಗಳಿಡೀ ಒಂದು ಮಾತೂ ಆಡದಿದ್ದ ಅವ್ವ ಬಾಗಿಲ ಹಿಂದಿನಿಂದ ಮುಂದೆ ಬಂದಳು.

“ಹಂಗಾರ ನಾಳಿ ನಾನೂ ಒಲಿ ಮುಂದ ಕೂಡೂದು ಒಲ್ಲೆರಿ ಅತ್ತಿ.”

“ನನಗ ಸಾಲಿ ಐತಿ” ಎಂದಳು ನೀಲಾ ಅತ್ತೆ.

ಎಲ್ಲರೂ ಪಡಸಾಲೆಯಲ್ಲಿದ್ದ ಅಪ್ಪನ ಕಡೆ ನೋಡಿದೆವು.

ಮರುದಿನ ಅಪ್ಪ ಅನ್ನ ಮಾಡಿದ. ಮೇಲೆ ನೀರು, ನಡುವೆ ಮುದ್ದೆ, ತಳದಲ್ಲಿ ಕಪ್ಪು. ಮೂರನ್ನೂ ಕಲಸಿ ಆಯಿಯ ತಾಟಿಗೆ ಹಾಕಿ, ಕೈಯಲ್ಲಿ ಸೌಟು ಹಿಡಿದು ಅಲ್ಲೇ ನಿಂತ. ಆಯಿ ಉಂಡಳು. ತಾಟು ಬರಿದಾಯಿತು.

“ಇನ್ನಷ್ಟು ಬೇಕೇನವ್ವಾ?” ಎಂದು ಅಪ್ಪ ಕೇಳಿದ.

ಆಯಿ ತಲೆಯೆತ್ತಿ ಮಗನನ್ನು ನೋಡಿದಳು.

“ಬೇಕು” ಎಂದಳು.